ದನದ ಆಸ್ಪತ್ರೆಗೆ ನಾಯಿ ಬಂದ ದಾರಿ

ಕಾಫಿ ಗಿಡಕ್ಕೆ ಕೊಪ್ಪದಲ್ಲಿ 1915ರಲ್ಲೇ ವೈದ್ಯರು ಸಿಕ್ಕಿದ್ದರು. ಎಲೆರೋಗದ ಕಾಟ ತಡೆಯಲು ಮೈಸೂರು ಸರ್ಕಾರ ಅಲ್ಲೊಂದು ತಾತ್ಕಾಲಿಕ ಸಂಶೋಧನಾ ಘಟಕ ತೆರೆದಿತ್ತು. ಹತ್ತು ವರ್ಷದ ಮೇಲೆ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಕಾಯಮ್ಮಾಗಿ ನೆಲೆಯೂರಿತು. ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗದ ಬೆನ್ನು ಹತ್ತಿದ್ದೂ ಆ ಕಾಲದಲ್ಲೇ. 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾಗಿ, ದನಗಳ ದೊಡ್ಡರೋಗಕ್ಕೆ (ರಿಂಡರ್‌ಪೆಸ್ಟ್) ಸೀರಂ ತಯಾರಿಸುವ ಕೆಲಸ ನಮ್ಮ ಸೀಮೆಯಲ್ಲೇ ಆರಂಭವಾಯಿತು. ಹೀಗೆ ಮಲೆನಾಡಿನ ಗಿಡಕ್ಕೆ, ಮರಕ್ಕೆ, ದನಕ್ಕೆ ಸರ್ಕಾರದ ಆರೈಕೆ ಒಂದೊಂದಾಗಿ ಬಂತು. ಜಗಲಿಯ ಕೆಳಗೆ ಮಲಗಿದ್ದ ನಾಯಿಯನ್ನು ಕೇಳುವವರಿರಲಿಲ್ಲ.

ನಾಯಿಗೆ ಈ ಅಲಕ್ಷ್ಯ ಹೊಸದೇನೂ ಅಲ್ಲ. ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದು ಒಂಬತ್ತು ಶತಮಾನವಾಯಿತು. ಅಭಿನವಚಂದ್ರ ‘ಅಶ್ವವೈದ್ಯ’ ಬರೆದ. ಹಸು ಹಾಲು ಕೊಡುತ್ತದೆ, ಕುದುರೆ ರಾಜನನ್ನು ಹೊರುತ್ತದೆ, ಅವುಗಳ ಕಾಯಿಲೆಗೆ ಕವಿಗಳೂ ತಲೆ ಕೆಡಿಸಿಕೊಂಡರು. ಮನೆ ಕಾಯುವ ನಾಯಿ ಹುಲ್ಲು ತಿಂದು ವಾಂತಿ ಮಾಡಿ ತನ್ನಷ್ಟಕ್ಕೆ ವಾಸಿಯಾಗಬೇಕು, ಇಲ್ಲದಿದ್ದರೆ ಇಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಸಾಕುಪ್ರಾಣಿಗಳ ಚಿಕಿತ್ಸೆ ಬೆಳೆದ ಬಗೆಯನ್ನು ಈ ಸ್ಮರಣ ಸಂಚಿಕೆಗಾಗಿ ಬರೆಯುವಾಗ ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ನಾಯಿ ಬೆಕ್ಕುಗಳ ಆಸ್ಪತ್ರೆ ಎಂದು ಯಾರೂ ಬೇರೆ ಕಟ್ಟಿಕೊಡಲಿಲ್ಲ. ದನಕ್ಕೆಂದು ಕಟ್ಟಿದ ಸರ್ಕಾರಿ ಆಸ್ಪತ್ರೆಯ ಗೇಟಿನೊಳಗೆ ನಾಯಿಯೇ ನಡೆದು ಬಂತು. ಅದನ್ನು ಒಳಗೆ ಬಿಟ್ಟದ್ದು ಪ್ರೀತಿಗಿಂತ ಹೆಚ್ಚಾಗಿ ಭಯ. ಪ್ರೀತಿ ಇರಲಿಲ್ಲವೆಂದಲ್ಲ. ಪಕ್ಕದ ತೀರ್ಥಹಳ್ಳಿ ಸೀಮೆಯಲ್ಲಿ ನಡೆಯುವ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ನಂಟು ಎಂಥದ್ದೆಂದು ಗೊತ್ತು. ಆದರೆ ಪ್ರೀತಿಯ ನಾಯಿಯನ್ನೂ ಆಗ ಯಾರೂ ಡಾಕ್ಟರ ಹತ್ತಿರ ಒಯ್ಯುತ್ತಿರಲಿಲ್ಲ.

ಮಲೆನಾಡಿನಲ್ಲಿ ದನದ ಡಾಕ್ಟರೆಂದರೆ ಬಹಳ ಕಾಲ ನಡೆದೇ ಊರು ಸುತ್ತುವ ಮನುಷ್ಯ. ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ಗುಡ್ಡ, ಹಳ್ಳ, ಸಂಕ. ಹಳ್ಳಿಯೆಂದು ನಕ್ಷೆಯಲ್ಲಿ ಕಾಣುವುದು ಕಾನಿನ ಅಂಚಿನಲ್ಲಿ ಚದುರಿದ ಹತ್ತಾರು ಒಂಟಿಮನೆಗಳು. ಮಳೆಗಾಲದಲ್ಲಿ ಹಳ್ಳ ಏರಿದರೆ ಆ ದಿನ ಆ ಕಡೆ ಹೋಗುವಂತಿಲ್ಲ. ಡಾಕ್ಟರು ಬರುವ ಮೊದಲು ಮನೆಯವರು ಬಿದಿರಿನ ಗೊಟ್ಟದಲ್ಲಿ ಕಷಾಯ ಕುಡಿಸಿಯೋ, ಬರೆ ಹಾಕಿಯೋ ಆಗಿರುತ್ತಿತ್ತು. ಕಾಲುಬಾಯಿ ಜ್ವರ, ಚಪ್ಪೆ ರೋಗ, ಗಳಲೆ ರೋಗ, ಎಲ್ಲಕ್ಕಿಂತ ದೊಡ್ಡರೋಗ. ಆ ದೊಡ್ಡರೋಗ ಇವತ್ತು ಭೂಮಿಯ ಮೇಲೇ ಇಲ್ಲ. ಭಾರತದಲ್ಲಿ 1954ರಲ್ಲಿ ಅದರ ನಿರ್ಮೂಲನಾ ಯೋಜನೆ ಶುರುವಾಯಿತು, 2011ರಲ್ಲಿ ಇಡೀ ಜಗತ್ತು ರೋಗಮುಕ್ತವೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಬೇರುಸಹಿತ ಕಿತ್ತ ಎರಡನೇ ರೋಗ ಅದು. ಕೊಟ್ಟಿಗೆ ಕೊಟ್ಟಿಗೆ ಹೊಕ್ಕು ಮಲೆನಾಡು ಗಿಡ್ಡದ ಕೋಡು ಹಿಡಿದು ಲಸಿಕೆ ಚುಚ್ಚಿದ ಸ್ಟಾಕ್‌ಮನ್ನುಗಳು, ಕಂಪೌಂಡರುಗಳು ಆ ಕೆಲಸದ ಕೊನೆಯ ಕೊಂಡಿಗಳು. ಅವರ ಹೆಸರು ಯಾವ ಶಿಲಾಫಲಕದಲ್ಲೂ ಕಾಣುವುದಿಲ್ಲ. ಸ್ಮರಣ ಸಂಚಿಕೆಯಲ್ಲಾದರೂ ಒಂದು ಸಾಲು ಅವರಿಗೆ ಸಲ್ಲಲಿ.

ನಾಯಿ ಈ ಕತೆಯೊಳಗೆ ಬರುವುದು ಹಸುವಿನ ಬಾಯಿಯ ಮೂಲಕ.

ಪಶುವೈದ್ಯರು ಯಾರನ್ನು ಕೇಳಿದರೂ ಈ ಪ್ರಸಂಗ ಹೇಳುತ್ತಾರೆ. ಬೆಳಿಗ್ಗೆ ಒಬ್ಬರು ಬಂದು, ‘ಡಾಕ್ಟ್ರೆ, ದನ ನಿನ್ನೆಯಿಂದ ಜೊಲ್ಲು ಸುರಿಸ್ತಾ ಉಂಟು, ಗಂಟಲಲ್ಲಿ ಎಂತದೋ ಸಿಕ್ಕಿಕೊಂಡಿದೆ ಮಾರಾಯ್ರೆ’ ಎನ್ನುತ್ತಾರೆ. ಹಲಸಿನ ಬೀಜವೋ, ಮಾವಿನ ಗೊರಟೋ ಇರಬಹುದೆಂದು ಡಾಕ್ಟರು ಹೋಗಿ ಬಾಯಿಗೆ ಕೈ ಹಾಕುತ್ತಾರೆ. ಗಂಟಲಲ್ಲಿ ಏನೂ ಇಲ್ಲ. ದನದ ಕೂಗು ಒಡೆದಿದೆ, ಕಣ್ಣು ಬೇರೆ ಥರ ಇದೆ. ಆಮೇಲೆ ಮನೆಯವರಿಗೆ ನೆನಪಾಗುತ್ತದೆ: ಒಂದೆರಡು ತಿಂಗಳ ಹಿಂದೆ ಗೊತ್ತಿಲ್ಲದ ನಾಯಿಯೊಂದು ಕೊಟ್ಟಿಗೆಗೆ ನುಗ್ಗಿತ್ತು. ಅಷ್ಟರಲ್ಲಿ ಡಾಕ್ಟರ ಕೈಯಷ್ಟೇ ಅಲ್ಲ, ಬಾಯಿ ತೆರೆದು ಹಿಡಿದ ಸಹಾಯಕನ ಕೈಗೂ ಮನೆಯವರ ಕೈಗೂ ಜೊಲ್ಲು ತಾಗಿರುತ್ತದೆ. ಹಸಿ ಹಾಲು ಕುಡಿದ ಮಕ್ಕಳ ವಿಚಾರ ಬೇರೆ. ಎಲ್ಲರೂ ಒಟ್ಟಿಗೆ ಆಸ್ಪತ್ರೆಗೆ ಹೊರಡುವುದು.

ಹುಚ್ಚುನಾಯಿ ರೋಗದ ಲಸಿಕೆಯನ್ನು ಲೂಯಿ ಪಾಶ್ಚರ್ ಮನುಷ್ಯರ ಮೇಲೆ ಪ್ರಯೋಗಿಸಿದ್ದು 1885ರಲ್ಲಿ. ದಕ್ಷಿಣ ಭಾರತಕ್ಕೆಂದು ಕುನೂರಿನಲ್ಲಿ ಪಾಶ್ಚರ್ ಇನ್‌ಸ್ಟಿಟ್ಯೂಟ್ ತೆರೆದದ್ದು 1907ರಲ್ಲಿ. ಆಮೇಲೆ ಬಂದ, ಪ್ರಾಣಿಗಳ ಮಿದುಳಿನ ಅಂಗಾಂಶದಿಂದ ತಯಾರಿಸುತ್ತಿದ್ದ ಲಸಿಕೆಯನ್ನು ಹೊಕ್ಕಳ ಸುತ್ತ 14 ದಿನ ಚುಚ್ಚಿಸಿಕೊಂಡ ನೆನಪು ಮಲೆನಾಡಿನ ಹಿರಿಯರಲ್ಲಿ ಈಗಲೂ ಹಸಿಯಾಗಿದೆ. ನೋವು ಒಂದು ಕಡೆ, ದಿನಾ ಪೇಟೆಗೆ ಹೋಗಿ ಬರುವ ಫಜೀತಿ ಇನ್ನೊಂದು ಕಡೆ. ಆ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಗೆ. ಮನುಷ್ಯರಿಗೆ 14 ಸಲ ಚುಚ್ಚಿಸುವ ಬದಲು ನಾಯಿಗೇ ವರ್ಷಕ್ಕೊಮ್ಮೆ ಚುಚ್ಚಿಸುವುದು ಸಲೀಸು ಎಂಬ ಲೆಕ್ಕ ಜನರಿಗೆ ಹೊಳೆದದ್ದು ಯಾವ ಭಾಷಣದಿಂದಲೂ ಅಲ್ಲ, ಆ 14 ಇಂಜೆಕ್ಷನ್ನಿನ ಹೆದರಿಕೆಯಿಂದ. ದನದ ಆಸ್ಪತ್ರೆಯ ಜಗಲಿಗೆ ಹಗ್ಗ ಕಟ್ಟಿದ ನಾಯಿಗಳು ಬರತೊಡಗಿದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನನ್ನ ಅಂದಾಜು.

ಲಸಿಕೆ ಎಂದರೆ ಬರೀ ಬಾಟಲಿ ಸೂಜಿಯಲ್ಲ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ ತಂಪಿನಲ್ಲಿ ಇಡಬೇಕು. ಜಡಿಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಫ್ರಿಜ್ಜು ಬರೀ ಕಪಾಟು. ಹಳ್ಳಿಗೆ ಒಯ್ಯುವುದು ಥರ್ಮಾಸ್ ಫ್ಲಾಸ್ಕಿನಲ್ಲಿ, ಐಸಿನ ನಡುವೆ. ಐಸು ಕರಗುವುದರೊಳಗೆ ಊರಿನ ನಾಯಿಗಳೆಲ್ಲ ಒಂದೆಡೆ ಸೇರಬೇಕು. ಆದರೆ ಮಲೆನಾಡಿನ ನಾಯಿ ಕರೆದರೆ ಬರುವುದು ತನ್ನ ಯಜಮಾನ ಕರೆದರೆ ಮಾತ್ರ, ಅದೂ ತನಗೆ ಮನಸ್ಸಿದ್ದರೆ. ಇನ್ನು ಔಷಧಿಯ ಪೊಟ್ಟಣ, ರಕ್ತದ ಮಾದರಿ, ಕೆಲವೊಮ್ಮೆ ಬುಟ್ಟಿಯಲ್ಲಿ ಮರಿ, ಎಲ್ಲಕ್ಕೂ ಬಸ್ಸೇ ಗತಿ. ಕೊಪ್ಪದ ಸಹಕಾರ ಸಾರಿಗೆ, ನೌಕರರೇ ಸೇರಿ 1991ರಲ್ಲಿ ಕಟ್ಟಿ 2020ರವರೆಗೆ ಓಡಿಸಿದ ಆ ಬಸ್ಸುಗಳು, ಈ ಮೂರು ತಾಲ್ಲೂಕಿನ ಮೂಲೆಮೂಲೆಯನ್ನೂ ಪೇಟೆಗೆ ಜೋಡಿಸಿದ್ದವು. ಮನುಷ್ಯರ ಆಸ್ಪತ್ರೆಯ ಚರಿತ್ರೆ ಬರೆಯುವವರು ಆ ಬಸ್ಸುಗಳನ್ನು ನೆನೆಯುತ್ತಾರೋ ಇಲ್ಲವೋ, ದನದ ಆಸ್ಪತ್ರೆಯ ಚರಿತ್ರೆ ಅವನ್ನು ಬಿಟ್ಟು ಹೇಳಲಾಗದು.

ಆಸ್ಪತ್ರೆಯೊಳಗಿನ ಏರ್ಪಾಡು ಮಾತ್ರ ಎಲ್ಲ ದನದ್ದೇ. ಅಂಗಳದಲ್ಲಿ ಕಬ್ಬಿಣದ ಕೊಳವೆಗಳ ಟ್ರೆವಿಸ್. ದನವನ್ನು ಒಳಗೆ ನಿಲ್ಲಿಸಿ ಹಿಂದೆ ಮುಂದೆ ಅಡ್ಡಗಂಬಿ ಹಾಕಿದರೆ ಅದು ಒದೆಯಲಾರದು. ಆ ಟ್ರೆವಿಸ್ಸಿನ ಮೇಲಿನ ಕೊಳವೆಗೆ ಗ್ಲೂಕೋಸ್ ಬಾಟಲಿ ಕಟ್ಟಿ, ಕೆಳಗೆ ಗೋಣಿಚೀಲ ಹಾಸಿ, ಮೂರು ಕಿಲೋದ ಮರಿಗೆ ಡ್ರಿಪ್ ಹಾಕುವ ನೋಟ ಮಳೆಗಾಲದಲ್ಲಿ ಸಾಮಾನ್ಯ. ಮೇಜಿನ ಮೇಲೆ ತರುವ ನಾಯಿ ಕಚ್ಚದಂತೆ ಮಾಡುವ ಕೈಚಳಕ ಬೇರೆಯೇ. ಬ್ಯಾಂಡೇಜ್ ಬಟ್ಟೆಯ ಉದ್ದ ಪಟ್ಟಿಯನ್ನು ಕುಣಿಕೆ ಮಾಡಿ ಮೂತಿಗೆ ತೊಡಿಸಿ, ಗದ್ದದ ಕೆಳಗೆ ಒಂದು ಗಂಟು, ಎರಡು ತುದಿಯನ್ನೂ ಕಿವಿಯ ಹಿಂದೆ ಒಯ್ದು ಇನ್ನೊಂದು ಗಂಟು. ನಾಯಿ ಹಿಡಿಯುವುದು ಮನೆಯವರ ಕೆಲಸ. ‘ನಮ್ಮದು ಕಚ್ಚುದಿಲ್ಲ ಡಾಕ್ಟ್ರೆ’ ಎನ್ನುವವರ ನಾಯಿಗೇ ಮೊದಲು ಬಾಯಿ ಕಟ್ಟಬೇಕೆಂಬುದು ಆ ವೃತ್ತಿಯವರು ಕಲಿತ ಪಾಠ. ತೂಕ ನೋಡಲು ಚಿಕ್ಕ ತಕ್ಕಡಿ ಇಲ್ಲದ ಕಡೆ ಮರಿಯನ್ನು ಎತ್ತಿಕೊಂಡವರನ್ನೇ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ, ಮರಿ ಇಳಿಸಿ ಇನ್ನೊಮ್ಮೆ ನಿಲ್ಲಿಸುತ್ತಾರೆ, ಕಳೆದರೆ ಉಳಿದದ್ದು ಮರಿಯ ತೂಕ. ದನಕ್ಕೆ ಇಪ್ಪತ್ತು ಮೂವತ್ತು ಮಿಲಿ ಹಾಕುವ ಔಷಧಿಯನ್ನು ಮರಿಗೆ ಹನಿ ಲೆಕ್ಕದಲ್ಲಿ ಅಳೆಯುವಾಗ ಈ ಕಳೆಯುವ ಲೆಕ್ಕವೇ ಜೀವ ಉಳಿಸುವುದು.

ಬರುವ ಕೇಸುಗಳಲ್ಲಿ ಕಾಡಿನ ಪಾಲು ದೊಡ್ಡದು. ಮುಳ್ಳುಹಂದಿಯ ಮೇಲೆ ಬಿದ್ದ ನಾಯಿಯ ಮೂತಿ, ನಾಲಗೆ, ಎದೆಯಲ್ಲೆಲ್ಲ ಮುಳ್ಳು. ತುದಿಯಲ್ಲಿ ಕಿತ್ತರೆ ಮುರಿದು ಒಳಗೇ ಉಳಿದು ಕೀವಾಗುತ್ತದೆ, ಬುಡಕ್ಕೆ ಇಕ್ಕಳ ಹಾಕಿ ಒಂದೊಂದಾಗಿ ನೇರ ಎಳೆಯಬೇಕು. ಕಾಡುಹಂದಿಯ ಕೋರೆ ತಾಗಿದರೆ ಹೊಟ್ಟೆಯೇ ಸೀಳಿರುತ್ತದೆ, ಪಂಚೆಯಲ್ಲಿ ಕರುಳು ಕಟ್ಟಿಕೊಂಡು ತರುತ್ತಾರೆ. ಉರುಳಿಗೆ ಸಿಕ್ಕ ಕಾಲು. ಯಾರೋ ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ ದವಡೆ ಹಾರಿಹೋದ ನಾಯಿ, ದನ. ಇಂಥವಕ್ಕೆ ಕೆಲವೊಮ್ಮೆ ಏನೂ ಮಾಡಲಾಗುವುದಿಲ್ಲ. ಕೊಳಕುಮಂಡಲ ಕಚ್ಚಿ ಮೂತಿ ಊದಿದ ನಾಯಿಗೆ ಹಾಕುವ ವಿಷನಿರೋಧಕ ಮನುಷ್ಯರಿಗೆ ಹಾಕುವುದೇ, ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು ಅದರ ರಕ್ತದಿಂದ ತೆಗೆದದ್ದು. ಬೆಲೆಯೂ ಮನುಷ್ಯರದ್ದೇ. ಅಡಕೆಗೆ ಧಾರಣೆ ಇದ್ದ ವರ್ಷ ‘ಹಾಕಿ’ ಎನ್ನುತ್ತಾರೆ, ಇಲ್ಲದ ವರ್ಷ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಚಿರತೆ ಒಯ್ದ ನಾಯಿಯಂತೂ ಆಸ್ಪತ್ರೆಗೆ ಬರುವುದಿಲ್ಲ, ಬರುವುದು ಮುಂದಿನ ವಾರ ಅದೇ ಮನೆಯ ಹೊಸ ಮರಿ.

ಮಳೆ ಹಿಡಿದ ಮೇಲೆ ಇಂಬಳದ ಕಾಟ. ಕಾಲಿಗೆ ಹತ್ತಿದ್ದು ರಕ್ತ ಕುಡಿದು ಬೀಳುತ್ತದೆ. ಹಳ್ಳದ ನೀರು ಕುಡಿಯುವಾಗ ಮೂಗಿಗೆ ಹೊಕ್ಕ ಜಿಗಣೆಯದು ಬೇರೆ ಕತೆ. ನಾಯಿ ವಾರಗಟ್ಟಲೆ ಸೀನುತ್ತದೆ, ಒಂದೇ ಹೊಳ್ಳೆಯಿಂದ ರಕ್ತ ಜಿನುಗುತ್ತದೆ. ಬಾಯಾರಿಸಿಟ್ಟು ಮೂಗಿನೆದುರು ನೀರಿನ ಬಟ್ಟಲು ಹಿಡಿದರೆ ಜಿಗಣೆ ತಲೆ ಹೊರಗೆ ಚಾಚುತ್ತದೆ, ಆ ಕ್ಷಣದಲ್ಲಿ ಚಿಮಟದಲ್ಲಿ ಹಿಡಿಯಬೇಕು. ತಪ್ಪಿದರೆ ಮತ್ತೆ ಕಾಯಬೇಕು. ಮೊದಲು ಹಿಡಿಯುವವರು ಅನುಭವಸ್ಥ ಪರಿವೀಕ್ಷಕರು, ಹೊಸದಾಗಿ ಬಂದ ಡಾಕ್ಟರಲ್ಲ.

ಉಣುಗಿನ ವಿಷಯಕ್ಕೆ ಬಂದರೆ ಇಲ್ಲಿಯ ಪಶುವೈದ್ಯರ ಕೆಲಸ ನಾಯಿಯನ್ನೂ ದಾಟಿ ಹೋಗುತ್ತದೆ. ನಾಯಿಗೆ ಉಣುಗಿನಿಂದ ಬರುವ ಜ್ವರದಲ್ಲಿ ವಸಡು ಬಿಳಿಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಕಾರಣವಾಗುವ ಸೂಕ್ಷ್ಮಜೀವಿಯೊಂದನ್ನು 1910ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಮದರಾಸಿನಲ್ಲೇ, ದೊರೆಗಳ ಬೇಟೆನಾಯಿಗಳ ರಕ್ತದಲ್ಲಿ. ಕಿವಿಯ ಅಂಚು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಇವತ್ತಿಗೂ ಕಾಣುತ್ತದೆ. ನೋಡುವಷ್ಟು ಪುರುಸೊತ್ತು ಇರಬೇಕು, ಅಷ್ಟೆ. ಮನುಷ್ಯರ ಕತೆ ಇದಕ್ಕಿಂತ ಗಂಭೀರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ಮಂಗನ ಕಾಯಿಲೆ ನಮ್ಮ ಮೂರೂ ತಾಲ್ಲೂಕುಗಳನ್ನು ಬಿಟ್ಟಿಲ್ಲ. 2024ರ ಬೇಸಿಗೆಯಲ್ಲೂ ಶೃಂಗೇರಿ, ಕೊಪ್ಪ ಕಡೆ ಜನ ಹೆದರಿಕೆಯಲ್ಲಿ ದಿನ ಕಳೆದರು. ತೋಟದಲ್ಲಿ ಮಂಗ ಸತ್ತಿದೆಯೆಂದು ಸುದ್ದಿ ಬಂದರೆ ಮೈತುಂಬ ರಕ್ಷಾಕವಚ ತೊಟ್ಟು ಹೋಗಿ ಶವಪರೀಕ್ಷೆ ಮಾಡಿ ಮಾದರಿ ತೆಗೆಯುವವರು ಇದೇ ದನದ ಡಾಕ್ಟರು. ಸುತ್ತ ಮೆಲಾಥಿಯಾನ್ ಪುಡಿ ಹಾಕಿ, ಕಳೇಬರ ಸುಟ್ಟು ಬರಬೇಕು. ಮಾರನೆಯ ದಿನ ಆಸ್ಪತ್ರೆಯಲ್ಲಿ, ‘ನಾಯಿ ಮನೇಲಿ ಇಟ್ಕೊಳ್ಳುದೋ ಬಿಡುದೋ’ ಎಂದು ಕೇಳುವವರ ಸಾಲು. ಕಾಯಿಲೆ ಹರಡುವ ಮುಖ್ಯ ಉಣುಗು ಕಾಡಿನದು, ಮರಿಹಂತದಲ್ಲಿ ಮನುಷ್ಯನಿಗೆ ಕಚ್ಚುವುದು. ಅದು ಬೆಳೆದ ಮೇಲೆ ನೆಚ್ಚುವುದು ಮೇಯಲು ಹೋದ ದನವನ್ನು. ನಾಯಿಯನ್ನು ದೂಡಿದರೆ ಕಾಯಿಲೆ ಹೋಗದು, ಕಾಡಿಗೆ ಹೋಗಿ ಬಂದ ನಾಯಿಯ ಮೈ ನೋಡಿ ಉಣುಗು ತೆಗೆಯಬೇಕು. ಇದನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ತಾಳ್ಮೆಗೆ ಇಲಾಖೆಯ ವರದಿಯಲ್ಲಿ ಯಾವ ಅಂಕಣವೂ ಇಲ್ಲ.

ಪೇಟೆಯ ತಳಿಗಳು ಬಂದದ್ದು ಊರನಾಯಿಗಳು ಆಸ್ಪತ್ರೆಯ ದಾರಿ ಕಂಡುಕೊಂಡ ಮೇಲೆ. ಮೊದಲು ಪಮೇರಿಯನ್, ತೋಟದ ಮನೆಗಳಿಗೆ ಅಲ್ಸೇಶಿಯನ್, ಆಮೇಲೆ ಲ್ಯಾಬ್ರಡಾರ್. 2003ರಲ್ಲಿ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ಗು ಮಲೆನಾಡಿನ ಏರು ಹತ್ತಲಾರದೆ ಏದುಸಿರು ಬಿಡುತ್ತಾ ಇಲ್ಲಿಗೂ ಬಂತು. ಜೋಲುಕಿವಿಯ ಲ್ಯಾಬ್ರಡಾರಿಗೆ ಜೂನಿನಿಂದ ಸೆಪ್ಟೆಂಬರಿನ ತನಕ ಕಿವಿ ಸೋರುತ್ತದೆ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಊರನಾಯಿಗೆ ಇದೆಲ್ಲ ಕಡಿಮೆ. ದುಡ್ಡು ಕೊಟ್ಟು ತಂದ ನಾಯಿಯಾದ್ದರಿಂದ ಡಾಕ್ಟರ ಹತ್ತಿರ ಒಯ್ಯುವ ಅಭ್ಯಾಸವೂ ಬೆಳೆಯಿತು ಎನ್ನಬೇಕು. ಪಾರ್ವೊ ಎಂಬ ಹೊಸ ವೈರಸ್ಸು ಜಗತ್ತಿನಲ್ಲಿ 1978ರಲ್ಲಿ ಕಾಣಿಸಿ, ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಹಬ್ಬಿತ್ತು. ರಕ್ತಭೇದಿಯಿಂದ ಎರಡು ಮೂರು ದಿನದಲ್ಲಿ ಮರಿ ಮುಗಿಯುವುದನ್ನು ಕಂಡವರು ಆರೆಂಟು ವಾರಕ್ಕೇ ‘ನೈನ್ ಇನ್ ಒನ್’ ಕೇಳಿಕೊಂಡು ಬರುತ್ತಾರೆ. ಆ ಲಸಿಕೆಯನ್ನು ಸಾಮಾನ್ಯವಾಗಿ ಹೊರಗಿನಿಂದ ಕೊಂಡು ತರಬೇಕು. ಹುಚ್ಚುನಾಯಿ ರೋಗದ್ದನ್ನು, ಅದರಲ್ಲೂ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ, ಇಲಾಖೆಯೇ ಹಾಕುತ್ತದೆ.

ಈ ಲಸಿಕೆಗಳ ಫಲ ಕಾಡಿಗೂ ಸಲ್ಲುತ್ತದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ನರಸಿಂಹರಾಜಪುರದ ಮಗ್ಗುಲಿಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಶೃಂಗೇರಿಯ ಕೆರೆಕಟ್ಟೆ ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. 2018ರಲ್ಲಿ ಗೀರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ ಸಿಕ್ಕ ಕಾರಣಗಳಲ್ಲಿ ಡಿಸ್ಟೆಂಪರ್ ಒಂದು, ಅದು ಮೂಲತಃ ನಾಯಿಗಳ ರೋಗ, ‘ನೈನ್ ಇನ್ ಒನ್’ ತಡೆಯುವ ರೋಗಗಳಲ್ಲೊಂದು. ಕಾಡಂಚಿನ ಮನೆಯ ನಾಯಿಗೆ ಹಾಕಿದ ಸೂಜಿ ಹುಲಿಗೂ ಸೀಳುನಾಯಿಗೂ ಸ್ವಲ್ಪ ಕಾವಲು.

ಬೆಕ್ಕಿನ ಸರದಿ ಇನ್ನೂ ಪೂರ್ತಿ ಬಂದಿಲ್ಲ. ಇಲಿ ಹಿಡಿಯಲು ಅಟ್ಟಕ್ಕೊಂದು ಬೆಕ್ಕು ಬೇಕು, ಆದರೆ ಅದನ್ನು ಆಸ್ಪತ್ರೆಗೆ ಒಯ್ಯುವುದೆಂದರೆ ನಗುವವರಿದ್ದಾರೆ. ಒಯ್ಯುವವರು ಕೈಚೀಲದಲ್ಲಿ ಹಾಕಿ, ತಲೆಯಷ್ಟೇ ಹೊರಗೆ ಬಿಟ್ಟು, ಜಿಪ್ಪು ಹಾಕಿ ತರುತ್ತಾರೆ. ಬರುವಾಗ ಎಷ್ಟೋ ಸಲ ತಡವಾಗಿರುತ್ತದೆ. ಜ್ವರವೆಂದು ಮನೆಯಲ್ಲೇ ಕಾಲು ಮಾತ್ರೆ ಪ್ಯಾರಾಸಿಟಮಾಲ್ ಕೊಟ್ಟಿರುತ್ತಾರೆ, ಬೆಕ್ಕಿಗೆ ಅದು ವಿಷ. ಇಲ್ಲವೇ ದನದ ಉಣುಗಿಗೆ ತಂದ ದ್ರಾವಣವನ್ನೇ ಚಿಗಟಕ್ಕೆಂದು ಸವರಿರುತ್ತಾರೆ. ಮೈ ನೆಕ್ಕಿಕೊಂಡ ಬೆಕ್ಕು ನಡುಗತೊಡಗಿದಾಗ ದಾರಿ ಕಾಣುವುದಿಲ್ಲ. ಈ ಎರಡು ಮಾತನ್ನು ಪ್ರತಿ ಹಾಲಿನ ಡೇರಿಯ ಗೋಡೆಗೂ ಬರೆಸಬೇಕೆಂದು ನನ್ನ ಸಲಹೆ.

ದೊಡ್ಡ ಆಪರೇಷನ್ನಿಗೆ, ಎಕ್ಸ್‌ರೇಗೆ ಈಗ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ. ಬೀದರಿನಲ್ಲಿ 2004ರಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ಆದ ಮೇಲೆ ಬಂದ ಆ ಕಾಲೇಜು ಮಲೆನಾಡಿಗೆ ಮಾಡಿದ ಉಪಕಾರ ದೊಡ್ಡದು. ಅದಕ್ಕೆ ಮೊದಲು ಹೆಬ್ಬಾಳವೇ ಗತಿಯಾಗಿತ್ತು. 1962 ಸಂಖ್ಯೆಗೆ ಫೋನ್ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಬರುವ ಏರ್ಪಾಡೂ ಆಗಿದೆ. ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ ಫೋನ್ ಮಾಡಬೇಕು, ಅದು ಬೇರೆ ಮಾತು.

ಇನ್ನು ಉಳಿದದ್ದು ಬೀದಿನಾಯಿಗಳು. ಅವುಗಳಿಗೆ ಬರುವ ಜನನಾಂಗದ ಗಡ್ಡೆಗೆ ವಾರಕ್ಕೊಂದರಂತೆ ನಾಲ್ಕಾರು ವಾರ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನವು ವಾಸಿಯಾಗುತ್ತವೆ. ಆ ಔಷಧಿಯ ಮೂಲ ನಮ್ಮ ಅಂಗಳದ ಕಾಶಿಕಣಗಿಲೆ. ಆದರೆ ಬೀದಿನಾಯಿಯನ್ನು ವಾರ ವಾರ ಹಿಡಿದು ತರುವವರು ಯಾರು? ಕೆಲವು ಹೆಣ್ಣುಮಕ್ಕಳು, ಹೋಟೆಲಿನ ಒಬ್ಬಿಬ್ಬರು ಹುಡುಗರು ತರುತ್ತಾರೆ. ಮಿಕ್ಕಂತೆ ಗೋಣಿಚೀಲದಲ್ಲಿ ಕಟ್ಟಿ ಸಂತೆಮಾಳದಲ್ಲೋ ಘಾಟಿ ರಸ್ತೆಯಲ್ಲೋ ಬಿಟ್ಟುಬಂದ ಹೆಣ್ಣುಮರಿಗಳೇ ಬೆಳೆದು ಪೇಟೆಯ ಬೀದಿ ತುಂಬುತ್ತವೆ. ಪ್ರಾಣಿ ಜನನ ನಿಯಂತ್ರಣದ 2001ರ ನಿಯಮವೂ 2023ರ ನಿಯಮವೂ ಬೀದಿನಾಯಿಗಳ ಸಂತಾನಹರಣದ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ಹೊರಿಸಿವೆ. ಸಾಕಿದ ನಾಯಿಯದ್ದು ಸಾಕಿದವರ ಹೊಣೆ. ಕೇಳಿಕೊಂಡು ಬಂದವರಿಗೆ ಆಸ್ಪತ್ರೆಯವರು, ‘ಈಗ ಮಳೆ ಅಲ್ವಾ, ಹೊಲಿಗೆ ಒಣಗೋದಿಲ್ಲ, ದೀಪಾವಳಿ ಕಳೆದ ಮೇಲೆ ಕರ್ಕೊಂಡ್ಬನ್ನಿ’ ಎನ್ನುತ್ತಾರೆ. ಹೇಳುವುದು ಸರಿಯೇ. ಆದರೆ ನಾಯಿ ಬೆದೆಗೆ ಬರುವುದು ಭಾದ್ರಪದದಲ್ಲಿ, ಗರ್ಭ ಬರೀ ಎರಡು ತಿಂಗಳದ್ದು, ದೀಪಾವಳಿ ಕಳೆಯುವಷ್ಟರಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಆರು ಮರಿ ಕಣ್ಣು ಬಿಡುತ್ತಿರುತ್ತವೆ. ಆಷಾಢದ ಮಳೆಯಲ್ಲೂ ಒಣಗಿರುವ ಒಂದು ಕೋಣೆ, ಹೊಲಿಗೆ ಬಿಚ್ಚುವ ತನಕ ಹತ್ತು ದಿನ ನಾಯಿಯನ್ನು ಇಟ್ಟುಕೊಳ್ಳುವ ನಾಲ್ಕು ಗೂಡು, ಅವಕ್ಕೆ ಅನ್ನ ಹಾಕಲು ಒಬ್ಬ ಆಳು. ಮೂರು ತಾಲ್ಲೂಕಿನ ಆಸ್ಪತ್ರೆಗಳಿಗೆ ನಾವು ಇನ್ನು ಕೇಳಬೇಕಾದ್ದು ಇಷ್ಟು.